ದೋಣಿಯ ಶೀತಲ ಪೆಟ್ಟಿಗೆ: ವಿದ್ಯುತ್ ಪೂರೈಕೆಯ ದೋಷಗಳ ಪತ್ತೆ ಮತ್ತು ನಿವಾರಣೆ

ಕರಾವಳಿಯ ಮೀನುಗಾರರಲ್ಲಿ ಕೆಲವರು ಮಂಜುಗಡ್ಡೆಯ ಪೆಟ್ಟಿಗೆಯ ಜೊತೆಗೆ ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಒಯ್ಯಬಹುದಾದ ಶೀತಲ ಪೆಟ್ಟಿಗೆಯನ್ನೂ ದೋಣಿಯಲ್ಲಿ ಇರಿಸಿಕೊಳ್ಳುತ್ತಾರೆ. ಹಲವು ದಿನ ಕಡಲಿನಲ್ಲಿ ತಂಗುವ ದೋಣಿಗಳಲ್ಲಿ ಅದು ಹಾಲು, ತರಕಾರಿ, ಗಾಳದ ಎರೆ, ಸಿಬ್ಬಂದಿಯ ಔಷಧಿಗಳನ್ನು ಕಾಯುತ್ತದೆ. ಅಳಿವೆಯ ಕುದ್ರುಗಳಿಗೆ ದೋಣಿಯಲ್ಲಿ ಹೋಗುವ ವಿಸ್ತರಣಾ ಕಾರ್ಯಕರ್ತರಿಗೆ ಜಾನುವಾರು ಲಸಿಕೆಯನ್ನು ಸಾಗಿಸಲು ಉಪಯೋಗಕ್ಕೆ ಬರುತ್ತದೆ. ಇಂತಹ ಪೆಟ್ಟಿಗೆಯ ಬಗ್ಗೆ ಕೇಳಿಬರುವ ದೂರಿನ ಸ್ವರೂಪ ಬಹುಮಟ್ಟಿಗೆ ಒಂದೇ: ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆ, ದೋಣಿಗೆ ಹಾಕಿದರೆ ನಿಲ್ಲುತ್ತದೆ, ಎಂಜಿನ್ ಓಡುತ್ತಿರುವಾಗ ತಂಪಾಗುತ್ತದೆ, ಎಂಜಿನ್ ನಿಲ್ಲಿಸಿದ ಅರ್ಧ ಗಂಟೆಯಲ್ಲಿ ಸ್ತಬ್ಧವಾಗುತ್ತದೆ.

ಹೀಗಾದಾಗ ಪೆಟ್ಟಿಗೆಯೇ ಕೆಟ್ಟಿದೆ ಎಂದು ಭಾವಿಸಿ ದುರಸ್ತಿಗೆ ಕಳುಹಿಸುವುದು ಸಾಮಾನ್ಯ. ಆದರೆ ಇಂತಹ ಬಹುಪಾಲು ಪ್ರಕರಣಗಳಲ್ಲಿ ಪೆಟ್ಟಿಗೆ ಸುಸ್ಥಿತಿಯಲ್ಲಿಯೇ ಇರುತ್ತದೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ದಾರಿಯಲ್ಲಿ ಸೋರಿಹೋಗಿ, ಪೆಟ್ಟಿಗೆಗೆ ಬೇಕಾದಷ್ಟು ವೋಲ್ಟೇಜ್ ತಲುಪಿರುವುದಿಲ್ಲ. ಇದನ್ನು ಸುಮಾರು 300–500 ರೂಪಾಯಿಯ ಒಂದು ಮಲ್ಟಿಮೀಟರ್‌ನಿಂದ ನೀವೇ ಪತ್ತೆ ಮಾಡಬಹುದು. ಪೆಟ್ಟಿಗೆಯನ್ನು ಬಿಚ್ಚುವ ಅಗತ್ಯ ಬೀಳುವುದು ವಿರಳ.

ಎಂಜಿನ್ ಬ್ಯಾಟರಿಯ ರಕ್ಷಣೆ

ದೋಷ ಹುಡುಕುವ ಮುನ್ನ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಪೆಟ್ಟಿಗೆ ನಿಂತರೆ ಹಾಲು ಒಡೆಯಬಹುದು, ಲಸಿಕೆ ವ್ಯರ್ಥವಾಗಬಹುದು. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಬರಿದಾದರೆ ದೋಣಿಯೇ ಕಡಲಿನಲ್ಲಿ ನಿಲ್ಲುತ್ತದೆ. ವಿಎಚ್‌ಎಫ್ ರೇಡಿಯೊ, ಜಿಪಿಎಸ್, ಸಂಚಾರ ದೀಪಗಳು ಎಲ್ಲವೂ ಅದರೊಂದಿಗೆ ಹೋಗುತ್ತವೆ. ಆದ್ದರಿಂದ ಶೀತಲ ಪೆಟ್ಟಿಗೆಗೆ ಎಂಜಿನ್ ಬ್ಯಾಟರಿಯಿಂದ ನೇರವಾಗಿ ತಂತಿ ಎಳೆಯುವುದನ್ನು ಈ ಲೇಖನ ಎಲ್ಲಿಯೂ ಶಿಫಾರಸು ಮಾಡುವುದಿಲ್ಲ. ಒಂದೇ ಬ್ಯಾಟರಿ ಇರುವ ಸಣ್ಣ ದೋಣಿಯಲ್ಲಿ ಪೆಟ್ಟಿಗೆಗೆ ಪ್ರತ್ಯೇಕ ಬ್ಯಾಟರಿ ಇಡಲು ಜಾಗವಾಗಲಿ ಹಣವಾಗಲಿ ಇಲ್ಲದಿದ್ದರೆ, ಒಂದು ದಿನದ ಪ್ರಯಾಣಕ್ಕೆ ಒಳ್ಳೆಯ ಮಂಜುಗಡ್ಡೆ ಪೆಟ್ಟಿಗೆಯೇ ಹೆಚ್ಚು ಸುರಕ್ಷಿತ.

ಕೆಲಸ ಆರಂಭಿಸುವಾಗ ಎಂಜಿನ್ ಕೋಣೆಯ ಮುಚ್ಚಳ ತೆರೆದು ಗಾಳಿಯಾಡಲು ಬಿಡಿರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಚಾರ್ಜ್ ಆಗುತ್ತಿರುವ ಸೀಸ-ಆಮ್ಲ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಎರಡಕ್ಕೂ ಒಂದು ಕಿಡಿ ಸಾಕು. ಬೀಡಿ, ಸಿಗರೇಟು, ದೀಪ ಯಾವುದೂ ಹತ್ತಿರ ಬೇಡ. ತಂತಿ ಬಿಚ್ಚುವಾಗ ಮೊದಲು ಋಣ ಧ್ರುವವನ್ನೂ, ಜೋಡಿಸುವಾಗ ಕೊನೆಯದಾಗಿ ಅದನ್ನೂ ಮುಟ್ಟಿರಿ.

ಪೆಟ್ಟಿಗೆ ಯಾವ ಬಗೆಯದು?

ಮಾರುಕಟ್ಟೆಯಲ್ಲಿ ಮೂರು ಬಗೆಗಳಿವೆ. ಕಂಪ್ರೆಸರ್ ಉಳ್ಳ ಪೆಟ್ಟಿಗೆ ಮನೆಯ ಫ್ರಿಜ್‌ನಂತೆಯೇ ಕೆಲಸ ಮಾಡುತ್ತದೆ. ಬೇಕಾದ ತಂಪು ಬಂದ ಮೇಲೆ ತಾನಾಗಿ ನಿಂತು, ಮತ್ತೆ ಬೇಕಾದಾಗ ಹೊರಡುತ್ತದೆ. ದೋಣಿಗೆ ಇದೇ ಸೂಕ್ತ. ಕಡಿಮೆ ಬೆಲೆಗೆ ಸಿಗುವ, ಕಂಪ್ರೆಸರ್ ಇಲ್ಲದ ಹಗುರ ಪೆಟ್ಟಿಗೆಗಳು ಪೆಲ್ಟಿಯರ್ ಫಲಕದಿಂದ ನಡೆಯುವಂಥವು. ಅವು ಹೊರಗಿನ ಉಷ್ಣತೆಗಿಂತ ಸುಮಾರು 18–20 ಡಿಗ್ರಿ ಮಾತ್ರ ಕೆಳಗಿಳಿಯುತ್ತವೆ. ಮೇ ತಿಂಗಳಿನ 34 ಡಿಗ್ರಿಯಲ್ಲಿ ಒಳಗೆ 14–16 ಡಿಗ್ರಿ ಇದ್ದರೆ ಅದು ದೋಷವಲ್ಲ, ಅದರ ಮಿತಿ. ಅಲ್ಲದೆ ಅವು ಬಿಡುವಿಲ್ಲದೆ 4–5 ಆಂಪಿಯರ್ ಎಳೆಯುತ್ತಿರುತ್ತವೆ. ಬ್ಯಾಟರಿ ಕುಸಿದರೆ ತಾವಾಗಿ ನಿಲ್ಲುವ ವ್ಯವಸ್ಥೆ ಹಲವುಗಳಲ್ಲಿ ಇರುವುದಿಲ್ಲ. ಲಸಿಕೆ, ಇನ್ಸುಲಿನ್‌ಗಳಿಗೆ ಇವು ತಕ್ಕವಲ್ಲ. ಮೂರನೆಯದು ಗ್ಯಾಸ್ ಅಥವಾ ವಿದ್ಯುತ್ತಿನ ಶಾಖದಿಂದ ನಡೆಯುವ ಹೀರಿಕೆ ಬಗೆಯ ಪೆಟ್ಟಿಗೆ. ಅದು ಸಮತಟ್ಟಾಗಿ ನಿಂತರೆ ಮಾತ್ರ ಕೆಲಸ ಮಾಡುವುದರಿಂದ ಓಲಾಡುವ ದೋಣಿಯಲ್ಲಿ ಅದರ ಪ್ರಸ್ತಾಪವೇ ಬೇಡ. ಮುಂದಿನ ವಿವರಣೆ ಕಂಪ್ರೆಸರ್ ಪೆಟ್ಟಿಗೆಯನ್ನು ಕುರಿತದ್ದು.

ಪೆಟ್ಟಿಗೆ ತಾನಾಗಿ ನಿಲ್ಲುವುದೇಕೆ?

ಈ ಪೆಟ್ಟಿಗೆಗಳಲ್ಲಿ ಬ್ಯಾಟರಿ ರಕ್ಷಣೆಯ ಏರ್ಪಾಡು ಇರುತ್ತದೆ. ತನಗೆ ತಲುಪುವ ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಕಂಪ್ರೆಸರ್ ನಿಲ್ಲುತ್ತದೆ. ಇನ್ನೊಂದು ಹೆಚ್ಚಿನ ಮಟ್ಟಕ್ಕೆ ಏರಿದ ಮೇಲೆಯೇ ಮತ್ತೆ ಹೊರಡುತ್ತದೆ. ಅನೇಕ ತಯಾರಕರು ಬಳಸುವ, ಮೊದಲು ಡ್ಯಾನ್‌ಫಾಸ್ ಎಂದೂ ಈಗ ಸೆಕಾಪ್ ಎಂದೂ ಹೆಸರಿರುವ ಕಂಪ್ರೆಸರ್‌ನ ನಿಯಂತ್ರಕದಲ್ಲಿ, ಬೇರೆ ಹೊಂದಾಣಿಕೆ ಮಾಡದಿದ್ದರೆ, 12 ವೋಲ್ಟ್ ವ್ಯವಸ್ಥೆಗೆ ನಿಲ್ಲುವ ಮಟ್ಟ 10.4 ವೋಲ್ಟ್, ಮರಳಿ ಹೊರಡುವ ಮಟ್ಟ 11.7 ವೋಲ್ಟ್. ಕೆಲವು ಪೆಟ್ಟಿಗೆಗಳಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಹಂತಗಳನ್ನು ಗುಂಡಿಯಿಂದಲೇ ಆರಿಸಿಕೊಳ್ಳಬಹುದು. ನಿಮ್ಮ ಪೆಟ್ಟಿಗೆಯ ಅಂಕಿಗಳು ಕೈಪಿಡಿಯಲ್ಲಿರುತ್ತವೆ. ಅವನ್ನು ಮುಚ್ಚಳದ ಒಳಭಾಗದಲ್ಲಿ ಅಳಿಸದ ಶಾಯಿಯಿಂದ ಬರೆದಿಡುವುದು ಒಳ್ಳೆಯದು, ಏಕೆಂದರೆ ಕೈಪಿಡಿ ದೋಣಿಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.

ಇಲ್ಲಿ ಗಮನಿಸಬೇಕಾದುದೇನೆಂದರೆ, ಪೆಟ್ಟಿಗೆ ಅಳೆಯುವುದು ಬ್ಯಾಟರಿಯ ವೋಲ್ಟೇಜನ್ನಲ್ಲ, ತನ್ನ ಬಾಗಿಲಿಗೆ ಬಂದ ವೋಲ್ಟೇಜನ್ನು. ಬ್ಯಾಟರಿಯಲ್ಲಿ 12.4 ವೋಲ್ಟ್ ಇದ್ದು ತೆಳು ತಂತಿಯಲ್ಲಿ 2 ವೋಲ್ಟ್ ನಷ್ಟವಾದರೆ, ಪೆಟ್ಟಿಗೆಯ ದೃಷ್ಟಿಯಲ್ಲಿ ಆ ಬ್ಯಾಟರಿ ಸತ್ತಂತೆಯೇ. ಆಗ ಅದು ನಿಲ್ಲುತ್ತದೆ. ನಿಂತ ಕೂಡಲೇ ತಂತಿಯಲ್ಲಿ ಹರಿವು ಇಲ್ಲದ್ದರಿಂದ ನಷ್ಟವೂ ಇಲ್ಲ. ವೋಲ್ಟೇಜ್ ಮತ್ತೆ 12.4ಕ್ಕೆ ಏರುತ್ತದೆ. ಪೆಟ್ಟಿಗೆ ಮತ್ತೆ ಹೊರಡುತ್ತದೆ, ಮತ್ತೆ ಕುಸಿಯುತ್ತದೆ. ಒಂದೆರಡು ನಿಮಿಷಕ್ಕೊಮ್ಮೆ ಹೊರಟು ನಿಲ್ಲುವ ಈ ಚಕ್ರ ಕಂಡರೆ ಬ್ಯಾಟರಿಗಿಂತ ಮೊದಲು ತಂತಿಯನ್ನೂ ಜೋಡಣೆಯನ್ನೂ ಸಂಶಯಿಸಿರಿ. ಎಂಜಿನ್ ಓಡುವಾಗ ಪೆಟ್ಟಿಗೆ ಸರಿಯಾಗಿರುವುದಕ್ಕೂ ಇದೇ ವಿವರಣೆ: ಆಲ್ಟರ್ನೇಟರ್ 13.8ರಿಂದ 14.4 ವೋಲ್ಟ್ ಕೊಡುತ್ತಿರುವಾಗ 2 ವೋಲ್ಟ್ ಕಳೆದರೂ ಪೆಟ್ಟಿಗೆಗೆ ಸಾಕಷ್ಟು ಉಳಿಯುತ್ತದೆ.

ಅಳತೆ ಮಾಡುವ ಕ್ರಮ

ಮಲ್ಟಿಮೀಟರನ್ನು ನೇರ ಪ್ರವಾಹದ 20 ವೋಲ್ಟ್ ಸ್ಥಾನಕ್ಕೆ ತಿರುಗಿಸಿರಿ. ಕೆಂಪು ಕಡ್ಡಿ ಆಂಪಿಯರ್ ತೂತಿನಲ್ಲಿ ಇಲ್ಲದಿರುವುದನ್ನು ಖಚಿತಪಡಿಸಿಕೊಳ್ಳಿರಿ. ಆ ಸ್ಥಿತಿಯಲ್ಲಿ ಬ್ಯಾಟರಿಗೆ ಮುಟ್ಟಿಸಿದರೆ ಮೀಟರ್ ಸುಡುತ್ತದೆ, ಕೈಯೂ ಸುಡಬಹುದು. ಎಂಜಿನ್ ನಿಲ್ಲಿಸಿ, ಪೆಟ್ಟಿಗೆಯ ತಂಪಿನ ಗುರಿಯನ್ನು ಕನಿಷ್ಠಕ್ಕೆ ಇಳಿಸಿ, ಕಂಪ್ರೆಸರ್ ನಡೆಯುತ್ತಿರುವಂತೆ ನೋಡಿಕೊಳ್ಳಿರಿ. ಹರಿವು ಇಲ್ಲದಾಗ ಮಾಡಿದ ಅಳತೆಗೆ ಈ ಕೆಲಸದಲ್ಲಿ ಬೆಲೆಯಿಲ್ಲ. ಒಂದೇ ಒಂದು ಎಳೆ ಉಳಿದಿರುವ ತಂತಿಯೂ ಹೊರೆ ಇಲ್ಲದಿದ್ದಾಗ 12.6 ವೋಲ್ಟ್ ತೋರಿಸುತ್ತದೆ.

ಮೊದಲು ಬ್ಯಾಟರಿಯ ಎರಡು ಧ್ರುವಗಳ ನಡುವೆ ಅಳೆಯಿರಿ. ಕಡ್ಡಿಗಳನ್ನು ತಂತಿಯ ಹಿಡಿಕೆಗೆ ತಾಗಿಸದೆ ಸೀಸದ ಕಂಬಕ್ಕೇ ಒತ್ತಬೇಕು. ಬಳಿಕ ಪೆಟ್ಟಿಗೆಯ ತಂತಿ ಬಂದು ಸೇರುವ ಜಾಗದಲ್ಲಿ, ಸಾಧ್ಯವಾದಷ್ಟು ಪೆಟ್ಟಿಗೆಗೆ ಹತ್ತಿರವಾಗಿ, ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ದಾರಿಯ ನಷ್ಟ. 12 ವೋಲ್ಟ್ ವ್ಯವಸ್ಥೆಯಲ್ಲಿ ಇದು ಶೇ. 3ರೊಳಗೆ, ಅಂದರೆ 0.36 ವೋಲ್ಟ್‌ನೊಳಗೆ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಸರಿಪಡಿಸುವ ಕೆಲಸವಿದೆ. ಒಂದು ವೋಲ್ಟ್ ದಾಟಿದ್ದರೆ ದೂರಿನ ಕಾರಣ ಬಹುಶಃ ಸಿಕ್ಕಂತೆಯೇ.

ನಷ್ಟ ಎಲ್ಲಿ ಎಂಬುದನ್ನು ಇನ್ನೂ ಸೂಕ್ಷ್ಮವಾಗಿ ಕಂಡುಕೊಳ್ಳಬಹುದು. ಪೆಟ್ಟಿಗೆ ನಡೆಯುತ್ತಿರುವಾಗಲೇ ಕೆಂಪು ಕಡ್ಡಿಯನ್ನು ಬ್ಯಾಟರಿಯ ಧನ ಕಂಬಕ್ಕೂ ಕಪ್ಪು ಕಡ್ಡಿಯನ್ನು ಪೆಟ್ಟಿಗೆಯ ತುದಿಯ ಧನ ಜೋಡಣೆಗೂ ಮುಟ್ಟಿಸಿರಿ. ಮೀಟರ್ ತೋರಿಸುವುದು ಆ ಒಂದು ತಂತಿ, ಅದರ ಫ್ಯೂಸ್, ಸ್ವಿಚ್ ಇವುಗಳಲ್ಲಿ ಆದ ನಷ್ಟವನ್ನು ಮಾತ್ರ. ಋಣ ತಂತಿಗೂ ಇದೇ ರೀತಿ ಮಾಡಿರಿ. ಮುಂದೆ ಫ್ಯೂಸ್‌ನ ಒಂದು ಬದಿಯಿಂದ ಇನ್ನೊಂದು ಬದಿಗೆ, ಸ್ವಿಚ್‌ನ ಒಂದು ತುದಿಯಿಂದ ಇನ್ನೊಂದಕ್ಕೆ. ಒಳ್ಳೆಯ ಜೋಡಣೆಯಲ್ಲಿ ಅಂಕಿ ಹೆಚ್ಚುಕಡಿಮೆ ಸೊನ್ನೆಯ ಸಮೀಪವಿರುತ್ತದೆ, 0.2, 0.3 ವೋಲ್ಟ್ ಕಂಡಲ್ಲಿ ಕೈಯಿಟ್ಟು ನೋಡಿದರೆ ಆ ಜಾಗ ಬೆಚ್ಚಗಿರುವುದೂ ಗೊತ್ತಾಗುತ್ತದೆ. ಅನೇಕರು ಧನ ತಂತಿಯನ್ನು ಮಾತ್ರ ಪರಿಶೀಲಿಸಿ ಬಿಡುತ್ತಾರೆ. ಎಂಜಿನ್ನಿನ ಲೋಹದ ಮೈಗೆ ಬಿಗಿದ ಋಣ ತಂತಿಯ ನಟ್ಟು ತುಕ್ಕು ಹಿಡಿದಿರುವುದು ದೋಣಿಗಳಲ್ಲಿ ಸಾಮಾನ್ಯ. ಅರ್ಧ ದೋಷಗಳು ಅಲ್ಲಿ ಅಡಗಿರುತ್ತವೆ ಎಂದರೂ ತಪ್ಪಾಗದು.

ತಂತಿಯ ದಪ್ಪ

ವಿದ್ಯುತ್ತು ಹೋಗಿ ಮರಳಿ ಬರಬೇಕಾದುದರಿಂದ ದೂರವನ್ನು ಎರಡು ಪಟ್ಟು ಎಣಿಸಬೇಕು. ಹಿಂಬದಿಯ ಬ್ಯಾಟರಿಯಿಂದ ಮುಂಬದಿಯ ಕೋಣೆಗೆ 8 ಮೀಟರ್ ಎಂದರೆ ಒಟ್ಟು ತಾಮ್ರ 16 ಮೀಟರ್. ಪೆಟ್ಟಿಗೆ 5 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿರಿ. ಮನೆಯ ದೀಪಕ್ಕೆ ಬಳಸುವ 1 ಚದರ ಮಿಲಿಮೀಟರ್ ತಂತಿಯಾದರೆ ನಷ್ಟ ಸುಮಾರು 1.5 ವೋಲ್ಟ್. 2.5 ಚದರ ಮಿಲಿಮೀಟರ್ ಆದರೆ ಸುಮಾರು 0.6, 6 ಚದರ ಮಿಲಿಮೀಟರ್ ಆದರೆ 0.26 ವೋಲ್ಟ್ ಮಾತ್ರ. ಮನೆಯ 230 ವೋಲ್ಟ್‌ನಲ್ಲಿ ಒಂದೂವರೆ ವೋಲ್ಟ್ ಹೋದರೆ ಯಾರಿಗೂ ತಿಳಿಯುವುದಿಲ್ಲ, ಆದರೆ 12ರಲ್ಲಿ ಅದು ಎಂಟನೆಯ ಒಂದು ಪಾಲು. ಮನೆಯ ವೈರಿಂಗ್ ಮಾಡುವ ನುರಿತ ಕೆಲಸಗಾರರೂ ದೋಣಿಯಲ್ಲಿ ತೆಳು ತಂತಿ ಹಾಕುವುದಕ್ಕೆ ಈ ಅಭ್ಯಾಸವೇ ಕಾರಣ.

ಕಂಪ್ರೆಸರ್ ತಯಾರಕರ ನಿಯಮ ನೆನಪಿಡಲು ಸುಲಭ: 12 ವೋಲ್ಟ್‌ನಲ್ಲಿ ಬ್ಯಾಟರಿಯಿಂದ ಪೆಟ್ಟಿಗೆಗೆ ಎಷ್ಟು ಮೀಟರೋ ಅಷ್ಟು ಚದರ ಮಿಲಿಮೀಟರ್ ದಪ್ಪ. 4 ಮೀಟರ್‌ಗೆ 4, 6 ಮೀಟರ್‌ಗೆ 6. 24 ವೋಲ್ಟ್‌ನಲ್ಲಿ ಇದರ ಅರ್ಧ ಸಾಕು. ತಂತಿ ದುಬಾರಿ ಎನಿಸಿದರೆ ಪೆಟ್ಟಿಗೆಯನ್ನು ಬ್ಯಾಟರಿಯ ಸಮೀಪಕ್ಕೆ ತರುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ, ಆದರೆ ಎಂಜಿನ್ನಿನ ಬಿಸಿ ತಾಗದಷ್ಟು ದೂರವಿರಬೇಕು. ಕಂಪ್ರೆಸರ್‌ನ ಗಾಳಿಕಿಂಡಿಗಳ ಮುಂದೆ ಬಲೆ, ಹಗ್ಗ, ಗೋಣಿ ಒತ್ತಿ ಇಟ್ಟರೆ ಪೆಟ್ಟಿಗೆ ಬಿಸಿಯೇರಿ ಹೆಚ್ಚು ಹೊತ್ತು ಓಡುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಉಪ್ಪು ಗಾಳಿ ಮತ್ತು ಜೋಡಣೆಗಳು

ಕಾರಿನ ಸಿಗರೇಟ್ ಲೈಟರ್ ಮಾದರಿಯ ಪ್ಲಗ್ ದೋಣಿಗೆ ಹೇಳಿಮಾಡಿಸಿದ್ದಲ್ಲ. ಅದರ ಒಳಗೆ ಸ್ಪ್ರಿಂಗ್ ಒತ್ತಡದ ಮೇಲೆಯೇ ಸಂಪರ್ಕ ನಿಂತಿರುತ್ತದೆ. ಎಂಜಿನ್ನಿನ ಅದುರುವಿಕೆಗೆ ಮೆಲ್ಲಗೆ ಹೊರಬರುತ್ತದೆ, ಉಪ್ಪಿಗೆ ಹಸಿರುಗಟ್ಟುತ್ತದೆ, ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಪ್ಲಗ್‌ನ ತುದಿಯನ್ನು ತಿರುಗಿಸಿ ತೆಗೆದರೆ ಹಲವುಗಳಲ್ಲಿ ಒಂದು ಸಣ್ಣ ಗಾಜಿನ ಫ್ಯೂಸ್ ಇರುತ್ತದೆ. ಪೆಟ್ಟಿಗೆ ಸಂಪೂರ್ಣ ಸತ್ತಂತೆ ಕಂಡಾಗ ಮೊದಲು ನೋಡಬೇಕಾದದ್ದು ಅದನ್ನೇ. ಕಾಯಂ ಬಳಕೆಗೆ ಈ ಪ್ಲಗ್ಗನ್ನು ಕತ್ತರಿಸಿ, ತಿರುಪಿನಿಂದ ಬಿಗಿಯುವ ಜಲನಿರೋಧಕ ಕನೆಕ್ಟರ್ ಹಾಕಿಸುವುದು ಲೇಸು. ವಾರಂಟಿ ಅವಧಿ ಇನ್ನೂ ಇದ್ದರೆ ಕತ್ತರಿಸುವ ಮುನ್ನ ಮಾರಾಟಗಾರರನ್ನು ಕೇಳಿರಿ.

ಸಾಮಾನ್ಯ ತಾಮ್ರದ ಎಳೆಗಳೊಳಗೆ ಉಪ್ಪುನೀರು ಬತ್ತಿಯಲ್ಲಿ ಎಣ್ಣೆ ಏರುವಂತೆ ಏರುತ್ತದೆ. ತುದಿ ಹೊಳೆಯುತ್ತಿದ್ದರೂ ಒಂದು ಗೇಣು ಒಳಗೆ ರಬ್ಬರಿನ ಕೆಳಗೆ ತಂತಿ ಕಪ್ಪಾಗಿ ಪುಡಿಯಾಗಿರಬಹುದು. ಅಂತಹ ತಂತಿಯ ತುದಿ ಕತ್ತರಿಸಿ ಮತ್ತೆ ಜೋಡಿಸಿದರೆ ಪ್ರಯೋಜನವಿಲ್ಲ. ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಬೇಕು, ಕಾಣದಿದ್ದರೆ ಇಡೀ ತಂತಿ ಬದಲಾಯಿಸಬೇಕು. ತವರ ಲೇಪಿಸಿದ ತಾಮ್ರದ ತಂತಿ ಸಿಕ್ಕರೆ ಅದನ್ನೇ ಕೊಳ್ಳಿರಿ. ಎರಡು ತಂತಿಗಳನ್ನು ಹೊಸೆದು ಟೇಪ್ ಸುತ್ತುವುದು ಬೇಡ. ಒತ್ತಿ ಬಿಗಿಯುವ ಲಗ್ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆಯನ್ನು ಬಿಸಿ ಮಾಡಿ ಮುಚ್ಚಿಸಿರಿ. ಬ್ಯಾಟರಿ ಕಂಬಗಳನ್ನು ಉಜ್ಜಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿರಿ. ಮೊದಲು ಸವರಿ ಆಮೇಲೆ ಬಿಗಿಯುವುದಲ್ಲ.

ಫ್ಯೂಸ್ ಬ್ಯಾಟರಿಯ ಧನ ಧ್ರುವದಿಂದ ಒಂದು ಗೇಣಿನೊಳಗೆ ಇರಬೇಕು. 12 ವೋಲ್ಟ್ ಕಂಪ್ರೆಸರ್ ಪೆಟ್ಟಿಗೆಗೆ ಸಾಮಾನ್ಯವಾಗಿ 15 ಆಂಪಿಯರ್. ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು 30 ಆಂಪಿಯರ್‌ನದನ್ನೋ ತಾಮ್ರದ ಎಳೆಯನ್ನೋ ಹಾಕಿದರೆ, ಮುಂದೆ ಉರಿಯುವುದು ತಂತಿ. ಫೈಬರ್ ದೋಣಿಯಲ್ಲಿ ಅದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಬ್ಯಾಟರಿಯ ಲೆಕ್ಕ

ದಾರಿಯ ನಷ್ಟ ಸರಿಯಿದ್ದೂ ಪೆಟ್ಟಿಗೆ ನಿಲ್ಲುತ್ತಿದ್ದರೆ ಬ್ಯಾಟರಿಯತ್ತ ತಿರುಗಿರಿ. ಚಾರ್ಜ್ ಮಾಡಿ, ಯಾವ ಹೊರೆಯೂ ಇಲ್ಲದೆ ಕೆಲವು ಗಂಟೆ ಬಿಟ್ಟ ಸೀಸ-ಆಮ್ಲ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸಿದರೆ ಪೂರ್ಣ ತುಂಬಿದೆ; 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲುಭಾಗ. ರಾತ್ರಿ 12.7 ಇದ್ದ ಬ್ಯಾಟರಿ ಏನನ್ನೂ ನಡೆಸದೆಯೂ ಬೆಳಿಗ್ಗೆ 12.2ಕ್ಕೆ ಇಳಿದಿದ್ದರೆ ಒಂದೋ ಅದರ ಒಂದು ಕೋಶ ಕೆಟ್ಟಿದೆ, ಇಲ್ಲವೇ ಬೇರೆ ಯಾವುದೋ ಸಾಧನ ಗುಟ್ಟಾಗಿ ಎಳೆಯುತ್ತಿದೆ. ಲಿಥಿಯಂ ಫಾಸ್ಫೇಟ್ ಬ್ಯಾಟರಿಗೆ ಈ ಅಂಕಿಗಳು ಅನ್ವಯಿಸುವುದಿಲ್ಲ. ಅದು ಬಹುಪಾಲು ಖಾಲಿಯಾಗುವವರೆಗೂ 13 ವೋಲ್ಟ್‌ನ ಆಸುಪಾಸಿನಲ್ಲೇ ಇದ್ದು, ಕೊನೆಯಲ್ಲಿ ಒಳಗಿನ ರಕ್ಷಣಾ ಮಂಡಲದಿಂದ ಥಟ್ಟನೆ ಕಡಿದುಹೋಗುತ್ತದೆ.

ಬಳಕೆಯನ್ನು ಲೆಕ್ಕ ಹಾಕಿದರೆ ಅನೇಕ ದೂರುಗಳು ಅಲ್ಲಿಯೇ ಬಗೆಹರಿಯುತ್ತವೆ. 40 ಲೀಟರಿನ ಪೆಟ್ಟಿಗೆ ನಡೆಯುವಾಗ 4.5 ಆಂಪಿಯರ್ ಎಳೆದು, ಬೇಸಿಗೆಯಲ್ಲಿ ದಿನದ ಅರ್ಧ ಹೊತ್ತು ಓಡುತ್ತದೆ ಎಂದುಕೊಂಡರೆ 24 ಗಂಟೆಗೆ 54 ಆಂಪಿಯರ್-ಗಂಟೆ. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು. ಹಾಗಾಗಿ 100 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಸಿಗುವುದು 50. ಅಂದರೆ ಎಂಜಿನ್ ಓಡದೆ ಒಂದು ಹಗಲು-ರಾತ್ರಿ ಕೂಡ ತುಂಬುವುದಿಲ್ಲ. ಎಂಜಿನ್ ಚಾಲೂ ಮಾಡುವ ಬ್ಯಾಟರಿಗಳ ಫಲಕಗಳು ತೆಳುವಾಗಿದ್ದು, ಕೆಲವು ಕ್ಷಣ ಹೆಚ್ಚು ಪ್ರವಾಹ ಕೊಡಲೆಂದೇ ತಯಾರಾದಂಥವು. ಅವನ್ನು ಹೀಗೆ ನಿಧಾನವಾಗಿ ಬರಿದು ಮಾಡುತ್ತ ಹೋದರೆ ಬಹಳ ಬೇಗ ಕೆಡುತ್ತವೆ. ಪೆಟ್ಟಿಗೆಗೆ ಇನ್ವರ್ಟರ್‌ಗೆ ಬಳಸುವ ಟ್ಯೂಬುಲರ್ ಮಾದರಿಯ ಅಥವಾ ಡೀಪ್ ಸೈಕಲ್ ಎಂದು ನಮೂದಿಸಿದ ಬ್ಯಾಟರಿ ಬೇಕು.

ಎರಡು ಬ್ಯಾಟರಿಗಳ ನಡುವೆ ವೋಲ್ಟೇಜ್ ಅರಿಯುವ ರಿಲೇ ಹಾಕಿಸಿದರೆ, ಎಂಜಿನ್ ಓಡಿ ವೋಲ್ಟೇಜ್ ಸುಮಾರು 13.3ಕ್ಕೆ ಏರಿದಾಗ ಎರಡೂ ಕೂಡಿ ಚಾರ್ಜ್ ಆಗುತ್ತವೆ. ಎಂಜಿನ್ ನಿಂತು 12.8ರ ಸುಮಾರಿಗೆ ಇಳಿದಾಗ ಬೇರ್ಪಡುತ್ತವೆ. ಪೆಟ್ಟಿಗೆ ಎಷ್ಟೇ ಎಳೆದರೂ ಎಂಜಿನ್ ಬ್ಯಾಟರಿ ತುಂಬಿಯೇ ಇರುತ್ತದೆ. ಎರಡನೆಯದು ಲಿಥಿಯಂ ಆದರೆ ಈ ರಿಲೇ ಬೇಡ. ಅದು ಆಲ್ಟರ್ನೇಟರ್‌ನ ಪೂರ್ಣ ಶಕ್ತಿಯನ್ನು ಎಳೆದು ಸುಡಬಹುದಾದ್ದರಿಂದ ಡಿಸಿ-ಡಿಸಿ ಚಾರ್ಜರ್ ಅಗತ್ಯ. ಪ್ರತ್ಯೇಕ ಬ್ಯಾಟರಿಯಿದ್ದಾಗ ಪೆಟ್ಟಿಗೆಯ ರಕ್ಷಣಾ ಹಂತವನ್ನು ಕಡಿಮೆಗೆ ಇಡಬಹುದು. ತುರ್ತಿಗೆ ಎಂಜಿನ್ ಬ್ಯಾಟರಿಗೇ ಸೇರಿಸಬೇಕಾಗಿ ಬಂದರೆ ಹೆಚ್ಚು ಎಂಬ ಹಂತ ಕಡ್ಡಾಯ. ಪೆಟ್ಟಿಗೆ ನಿಲ್ಲುತ್ತದೆಂಬ ಕಾರಣಕ್ಕೆ ಹಂತವನ್ನು ಇಳಿಸುವುದು ಕಾವಲುಗಾರನನ್ನು ಮಲಗಿಸಿದಂತೆ.

24 ವೋಲ್ಟ್ ದೋಣಿಗಳು

ದೊಡ್ಡ ಎಂಜಿನ್ನಿನ ಅನೇಕ ದೋಣಿಗಳಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿ 24 ವೋಲ್ಟ್ ಪಡೆಯಲಾಗಿರುತ್ತದೆ. 12 ವೋಲ್ಟ್ ಪೆಟ್ಟಿಗೆಗೆಂದು ಇವುಗಳಲ್ಲಿ ಒಂದರಿಂದ ಮಾತ್ರ ತಂತಿ ತೆಗೆಯುವವರಿದ್ದಾರೆ. ಪೆಟ್ಟಿಗೆ ನಡೆಯುತ್ತದೆ, ನಿಜ. ಆದರೆ ಆ ಒಂದು ಬ್ಯಾಟರಿ ದಿನವೂ ಹೆಚ್ಚು ಬರಿದಾಗುತ್ತದೆ. ಆಲ್ಟರ್ನೇಟರ್ ಎರಡನ್ನೂ ಒಂದೇ ಎಂದು ತಿಳಿದು ಚಾರ್ಜ್ ಮಾಡುವಾಗ ತುಂಬಿದ್ದು ಮಿತಿಮೀರಿ ಕುದಿಯುತ್ತದೆ, ಬರಿದಾದದ್ದು ಎಂದೂ ತುಂಬುವುದಿಲ್ಲ. ಕೆಲವು ತಿಂಗಳಲ್ಲಿ ಎರಡೂ ಹಾಳು. ನಿಮ್ಮ ಪೆಟ್ಟಿಗೆಯ ಫಲಕದ ಮೇಲೆ 12/24 ಎಂದು ಬರೆದಿದ್ದರೆ ಪೂರ್ಣ 24 ವೋಲ್ಟ್‌ಗೇ ನೇರವಾಗಿ ಜೋಡಿಸಿರಿ. ಹೆಚ್ಚಿನ ಕಂಪ್ರೆಸರ್ ಪೆಟ್ಟಿಗೆಗಳು ಅದನ್ನು ತಾವೇ ಗುರುತಿಸುತ್ತವೆ. 12 ಮಾತ್ರ ಇದ್ದರೆ 24ರಿಂದ 12ಕ್ಕೆ ಇಳಿಸುವ ಪರಿವರ್ತಕ ಹಾಕಿಸಬೇಕು.

ಹಗ್ಗ ಎಳೆದು ಹೊರಡಿಸುವ ಸಣ್ಣ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ದೀಪಕ್ಕೆಂದು ಇರುವ ಸುರುಳಿ ಕೊಡುವುದು ಪರ್ಯಾಯ ಪ್ರವಾಹವನ್ನು. ಅದನ್ನು ರೆಕ್ಟಿಫೈಯರ್-ರೆಗ್ಯುಲೇಟರ್ ಇಲ್ಲದೆ ಬ್ಯಾಟರಿಗಾಗಲಿ ಪೆಟ್ಟಿಗೆಗಾಗಲಿ ಸೇರಿಸಕೂಡದು. ಸೇರಿಸಿದ ಮೇಲೂ ಅದರಿಂದ ಸಿಗುವ ಪ್ರವಾಹ ಅಲ್ಪ, ನಿಧಾನಗತಿಯಲ್ಲಿ ಇನ್ನೂ ಅಲ್ಪ. 100 ವ್ಯಾಟ್‌ನ ಸೌರಫಲಕವೊಂದು ನಿರಭ್ರ ದಿನದಲ್ಲಿ 25–30 ಆಂಪಿಯರ್-ಗಂಟೆ ಮರಳಿಸಬಲ್ಲದು. ಮೇಲೆ ಹೇಳಿದ ಬಳಕೆಗೆ ಅಂಥವು ಎರಡು ಬೇಕು, ಅವುಗಳ ಮೇಲೆ ಬಲೆಯ ನೆರಳು ಬೀಳಬಾರದು. ಇನ್ವರ್ಟರ್ ಹಾಕಿ 230 ವೋಲ್ಟ್ ಮಾಡಿ, ಪೆಟ್ಟಿಗೆಯ ಅಡಾಪ್ಟರ್‌ನಿಂದ ಮತ್ತೆ 12ಕ್ಕೆ ಇಳಿಸುವುದು ಎರಡು ಬಾರಿ ನಷ್ಟ. ಒದ್ದೆಯಾದ ತಟ್ಟಿನ ಮೇಲೆ 230 ವೋಲ್ಟ್ ಅನಗತ್ಯ ಅಪಾಯವೂ ಹೌದು.

ಸಂಕೇತ ದೀಪ ಹೇಳುವುದೇನು?

ಮೇಲೆ ಹೆಸರಿಸಿದ ಬಗೆಯ ಕಂಪ್ರೆಸರ್‌ನ ನಿಯಂತ್ರಕಕ್ಕೆ ಸಣ್ಣ ಎಲ್‌ಇಡಿ ಜೋಡಿಸಿದ್ದರೆ ಅದು ಮಿನುಗುವ ಸಂಖ್ಯೆಯಿಂದ ದೋಷ ತಿಳಿಸುತ್ತದೆ. ನಾಲ್ಕು ಸೆಕೆಂಡಿಗೊಮ್ಮೆ ಒಂದೇ ಮಿನುಗು ಕಂಡರೆ ವೋಲ್ಟೇಜ್ ಸಾಲದೆ ರಕ್ಷಣೆ ಕಡಿದಿದೆ. ಎರಡು ಎಂದರೆ ಫ್ಯಾನ್ ಹೆಚ್ಚು ಎಳೆಯುತ್ತಿದೆ. ಫ್ಯಾನಿನ ಅಲಗಿಗೆ ನೂಲು ಸುತ್ತಿಕೊಂಡಿರಬಹುದು. ಮೂರು ಎಂದರೆ ಮೋಟಾರು ಹೊರಡಲಾಗಲಿಲ್ಲ, ನಾಲ್ಕು ಎಂದರೆ ಕನಿಷ್ಠ ವೇಗ ಕಾಯ್ದುಕೊಳ್ಳಲಾಗಲಿಲ್ಲ, ಐದು ಎಂದರೆ ನಿಯಂತ್ರಕವೇ ಕಾದಿದೆ. ಮೂರು ಮಿನುಗು ಕಂಡಾಗ ಪೆಟ್ಟಿಗೆಯನ್ನು ಅರ್ಧ ಗಂಟೆ ಆರಿಸಿಟ್ಟು ಒಳಗಿನ ಒತ್ತಡ ಸಮವಾಗಲು ಬಿಟ್ಟು ನೋಡಿರಿ. ಐದಕ್ಕೆ ಗಾಳಿಯಾಟ ಸರಿಪಡಿಸುವುದೇ ಮದ್ದು. ತುಂಬಿದ ಬ್ಯಾಟರಿಯನ್ನು ಎರಡು ಮೀಟರ್ ದಪ್ಪ ತಂತಿಯಿಂದ ನೇರ ಜೋಡಿಸಿ ಪರೀಕ್ಷಿಸಿದಾಗಲೂ ಮೂರು ಅಥವಾ ನಾಲ್ಕು ಮಿನುಗು ನಿಲ್ಲದಿದ್ದರೆ ಮಾತ್ರ ಪೆಟ್ಟಿಗೆ ದುರಸ್ತಿಗೆ ಹೋಗಲಿ.

ವಿದ್ಯುತ್ ದೋಷದಂತೆ ಕಾಣುವ ಇನ್ನೊಂದು ಕಾರಣ

ಹಿಡಿದ ಮೀನನ್ನು ನೇರವಾಗಿ ಈ ಪೆಟ್ಟಿಗೆಗೆ ತುಂಬುವುದರಿಂದಲೂ ಬ್ಯಾಟರಿ ಬರಿದಾಗುತ್ತದೆ. ತಂಪಾಗಿರುವುದನ್ನು ತಂಪಾಗಿಡಲು ಈ ಯಂತ್ರ ತಕ್ಕದ್ದು. ಬೆಚ್ಚಗಿನ ರಾಶಿಯನ್ನು ತಣಿಸುವ ಶಕ್ತಿ ಅದಕ್ಕಿಲ್ಲ. 28 ಡಿಗ್ರಿಯಲ್ಲಿರುವ 10 ಕಿಲೊ ಮೀನನ್ನು ಸೊನ್ನೆಗೆ ತರಲು ಸುಮಾರು 1,000 ಕಿಲೊಜೂಲ್ ಶಾಖ ತೆಗೆಯಬೇಕು. ಒಂದು ಕಿಲೊ ಮಂಜುಗಡ್ಡೆ ಕರಗುವಾಗ 334 ಕಿಲೊಜೂಲ್ ಹೀರುತ್ತದೆ, ಆದ್ದರಿಂದ ಮೂರು ಕಿಲೊ ಮಂಜುಗಡ್ಡೆ ಆ ಕೆಲಸವನ್ನು ಬೇಗ ಮುಗಿಸುತ್ತದೆ. ಸಣ್ಣ ಕಂಪ್ರೆಸರ್ ಬಿಡುವಿಲ್ಲದೆ ಓಡಿದರೂ ನಾಲ್ಕೈದು ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಬಂಗುಡೆ, ಬೂತಾಯಿ, ಕೇದರಗಳಂತಹ ಮೀನಿನಲ್ಲಿ ಹಿಸ್ಟಮಿನ್ ಉತ್ಪತ್ತಿಯಾಗಲು ತೊಡಗಬಹುದು. ಒಮ್ಮೆ ಉಂಟಾದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ. ಮೀನನ್ನು ಮಂಜುಗಡ್ಡೆಯಲ್ಲೇ ತಣಿಸಿರಿ. ಪೆಟ್ಟಿಗೆಯೊಳಗೆ ಹೋಗುವ ಹಾಲು, ನೀರನ್ನು ಕೂಡ ಹಿಂದಿನ ರಾತ್ರಿ ಮನೆಯ ವಿದ್ಯುತ್ತಿನಲ್ಲಿ ತಂಪು ಮಾಡಿಕೊಂಡು, ಪೆಟ್ಟಿಗೆಯನ್ನೂ ಅಲ್ಲಿಯೇ ತಣಿಸಿ ಒಯ್ದರೆ ಮೊದಲ ದಿನದ ಬಳಕೆ ಗಣನೀಯವಾಗಿ ಇಳಿಯುತ್ತದೆ.

ಕಡಲಿನಲ್ಲಿ ಪೆಟ್ಟಿಗೆ ನಿಂತಾಗ

ಮೊದಲು ಎಂಜಿನ್ ಬ್ಯಾಟರಿಯ ವೋಲ್ಟೇಜ್ ನೋಡಿರಿ. 12.2ಕ್ಕಿಂತ ಕೆಳಗಿದ್ದರೆ ಪೆಟ್ಟಿಗೆಯನ್ನು ಕಳಚಿ, ಎಂಜಿನ್ ಹೊರಡುವಾಗಲೇ ಹೊರಡಿಸಿ ಚಾರ್ಜ್ ಮಾಡಿಕೊಳ್ಳಿರಿ. ಪೆಟ್ಟಿಗೆಯ ಮುಚ್ಚಳ ತೆರೆಯದೆ, ಮೇಲೆ ದಪ್ಪ ಹೊದಿಕೆ ಹಾಕಿ ನೆರಳಿನಲ್ಲಿಟ್ಟರೆ ಒಳಗಿನ ತಂಪು ಕೆಲವು ಗಂಟೆ ಉಳಿಯುತ್ತದೆ. ಲಸಿಕೆ ಮತ್ತು ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಅವನ್ನು ಬರಿಯ ಮಂಜುಗಡ್ಡೆಗೆ ತಾಗಿಸಿ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಯೋಗ್ಯವಲ್ಲ. ಕುದ್ರುಗಳಿಗೆ ಅರ್ಧ ದಿನದ ಭೇಟಿ ನೀಡುವ ವಿಸ್ತರಣಾ ಕಾರ್ಯಕರ್ತರು ಐಸ್ ಪ್ಯಾಕ್ ಉಳ್ಳ ಸಾಮಾನ್ಯ ಲಸಿಕಾ ವಾಹಕವನ್ನೇ ಒಯ್ಯುವುದು ಮೇಲು. ಅದಕ್ಕೆ ತಂತಿಯ ತೊಂದರೆಯಿಲ್ಲ. ಎಂಜಿನ್ ಹೊರಡದೆ ದೋಣಿ ತೇಲತೊಡಗಿದರೆ, ಉಳಿದ ವಿದ್ಯುತ್ತನ್ನು ವಿಎಚ್‌ಎಫ್ 16ನೇ ಚಾನೆಲ್‌ಗೂ ರಾತ್ರಿಯ ದೀಪಕ್ಕೂ ಮೀಸಲಿಡಿರಿ. ಮೊಬೈಲ್ ಸಂಪರ್ಕ ಸಿಗುವಲ್ಲಿ ಭಾರತೀಯ ತಟರಕ್ಷಣಾ ಪಡೆಯ ತುರ್ತು ಸಂಖ್ಯೆ 1554.

ತಂತಿ ಬದಲಾವಣೆ, ಎರಡನೆಯ ಬ್ಯಾಟರಿ ಅಳವಡಿಕೆ ಮುಂತಾದ ದೊಡ್ಡ ಕೆಲಸಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ 61 ದಿನಗಳು ಅನುಕೂಲ. ಆ ಅವಧಿಯಲ್ಲಿ ಪೆಟ್ಟಿಗೆಯನ್ನು ಮನೆಗೆ ತಂದು, ಒರೆಸಿ ಒಣಗಿಸಿ, ಮುಚ್ಚಳ ಸ್ವಲ್ಪ ತೆರೆದಿಡಿರಿ. ಬ್ಯಾಟರಿಯ ತಂತಿ ಕಳಚಿ, ತಿಂಗಳಿಗೊಮ್ಮೆ ಪೂರ್ಣ ಚಾರ್ಜ್ ಮಾಡಿರಿ. ಬಟ್ಟಿ ಇಳಿಸಿದ ನೀರಿನ ಮಟ್ಟ ನೋಡಿರಿ. ಹೊಸ ತಂತಿ ಹಾಕಿದ ದಿನವೇ ಪೆಟ್ಟಿಗೆ ನಡೆಯುತ್ತಿರುವಾಗ ಎರಡೂ ತುದಿಗಳ ವೋಲ್ಟೇಜ್ ಅಳೆದು, ದಿನಾಂಕದೊಂದಿಗೆ ಮುಚ್ಚಳದ ಒಳಗೆ ಬರೆದಿಡಿರಿ. ಆಗಸ್ಟ್ ಕಳೆದು ಮತ್ತೆ ಅಳೆದಾಗ ಅಂಕಿ ಬದಲಾಗಿದ್ದರೆ, ಪೆಟ್ಟಿಗೆ ನಿಲ್ಲುವ ಮೊದಲೇ ಯಾವ ಜೋಡಣೆಗೆ ಉಪ್ಪು ತಗುಲಿದೆ ಎಂಬುದನ್ನು ಹುಡುಕಲು ತೊಡಗಬಹುದು.